ಹೊಗೆ ಅವರದು, ಕಂತು ನಮ್ಮದು



ಈಗ ಹಳ್ಳಿಗೆ ಬರುವ ಜೀಪಿನಲ್ಲಿ ಗೊಬ್ಬರದ ಕಂಪನಿಯವನು, ಬೀಜದ ಕಂಪನಿಯವನು ಮಾತ್ರ ಇರುವುದಿಲ್ಲ. ಬಿಸಿಲಿನಿಂದ ನೀರೆತ್ತುವ ಪಂಪು, ಬಿಸಿಲಿನಿಂದ ತಂಪಾಗುವ ಕೋಣೆ, ಕಡಿಮೆ ನೀರಿನ ಹಸಿರುಮನೆ, ಹೊಲದ ಮಣ್ಣಿನಲ್ಲಿರುವ ಇಂಗಾಲದ ಲೆಕ್ಕ, ಹೀಗೆ ಒಂದೊಂದು ಹಿಡಿದುಕೊಂಡು ಹುಡುಗರು ಬರುತ್ತಿದ್ದಾರೆ. ಓದಿದ ಹುಡುಗರು, ಮಾತು ಮೆತ್ತಗೆ. ತಮ್ಮದು ‘ಸ್ಟಾರ್ಟ್‌ಅಪ್’ ಅನ್ನುತ್ತಾರೆ. ಪೇಪರಿನವರು ನವೋದ್ಯಮ ಎಂದು ಬರೆಯುತ್ತಾರೆ. ಬಡ ದೇಶಗಳಲ್ಲಿ ಹವಾಮಾನ ಕಾಯುವ ಇಂಥ ಉದ್ಯಮಗಳಿಗೆ ಬೆಂಬಲ ಕೊಡಬೇಕೆಂದು ವಿಶ್ವಬ್ಯಾಂಕಿನಿಂದ ಹಿಡಿದು ವಿಧಾನಸೌಧದ ತನಕ ಎಲ್ಲರೂ ಹೇಳುತ್ತಿದ್ದಾರೆ.

ಕೊಡಲಿ. ಬೇಡ ಅನ್ನುವವರು ನಾವಲ್ಲ. ಮುಂಗಾರು ತಪ್ಪಿದರೆ ಮೊದಲು ಒಣಗುವುದು ನಮ್ಮ ಪೈರು, ಅಕಾಲ ಮಳೆ ಸುರಿದರೆ ಮೊದಲು ಕೊಳೆಯುವುದು ನಮ್ಮ ಕಣದ ರಾಗಿ. ಹೊಸ ಯಂತ್ರ ಯಾರಿಗೆ ಬೇಕು ಎಂದರೆ ಮೊದಲು ನಮಗೇ ಬೇಕು. ಆದರೆ ಮೂರು ಮಾತು ಕೇಳದೆ ನಾವು ತಲೆ ಆಡಿಸಬಾರದು. ಬೆಂಬಲ ಯಾರಿಗೆ? ಯಾರ ಜೇಬಿನಿಂದ? ಕೆಟ್ಟರೆ ನಷ್ಟ ಯಾರ ತಲೆಗೆ?

ಬಾಕಿದಾರ ಯಾರು?

ಹವಾಮಾನ ಕೆಡಿಸಿದ್ದು ನಮ್ಮ ಎತ್ತಿನ ಗಾಡಿಯಲ್ಲ. ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟು, ಎಣ್ಣೆ ಸುಟ್ಟು ಶ್ರೀಮಂತವಾದ ದೇಶಗಳು ಆಕಾಶಕ್ಕೆ ಹೊಗೆ ತುಂಬಿದವು. ಇದನ್ನು ಅವರೂ ಒಪ್ಪಿದ್ದಾರೆ. 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸೇರಿ, 2020ರ ಹೊತ್ತಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್, ಅಂದರೆ 10,000 ಕೋಟಿ ಡಾಲರ್, ಬಡ ದೇಶಗಳಿಗೆ ಒದಗಿಸುತ್ತೇವೆ ಎಂದು ಮಾತು ಕೊಟ್ಟರು. ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಅಂದರೆ ಎರಡು ವರ್ಷ ಸುಸ್ತಿ. ನಮ್ಮಲ್ಲಿ ಒಬ್ಬ ರೈತ ಒಂದು ಕಂತು ತಪ್ಪಿಸಿದರೆ ಸುಸ್ತಿದಾರರ ಪಟ್ಟಿಗೆ ಹೆಸರು ಹಾಕಿ ಸೊಸೈಟಿ ಬಾಗಿಲಿಗೆ ಅಂಟಿಸುತ್ತಾರೆ. ಈ ದೊಡ್ಡ ಸುಸ್ತಿದಾರರ ಪಟ್ಟಿಯನ್ನು ಯಾವ ಬಾಗಿಲಿಗೆ ಅಂಟಿಸಿದ್ದಾರೆ, ಯಾರಾದರೂ ನೋಡಿದ್ದೀರಾ?

ಇನ್ನೂ ಒಂದು ತಮಾಷೆ ಕೇಳಿ. ಆ ವರ್ಷ ಸರ್ಕಾರಗಳ ಕಡೆಯಿಂದ ಬಂದ ಹಣದಲ್ಲಿ 100ಕ್ಕೆ ಸುಮಾರು 70 ಪಾಲು ಸಾಲ. ಅನುದಾನವಲ್ಲ, ಸಾಲ! ಪಕ್ಕದ ಹೊಲದವನು ಬೆಂಕಿ ಹಚ್ಚಿ ನಿಮ್ಮ ಬಣವೆ ಸುಟ್ಟ. ನ್ಯಾಯಕ್ಕೆ ಕೂತಾಗ, ‘ಹೊಸ ಬಣವೆಗೆ ನಾನೇ ಸಾಲ ಕೊಡ್ತೀನಿ ಬಿಡಣ್ಣ’ ಅಂದ. ಯಾವ ಪಂಚಾಯ್ತಿ ಒಪ್ಪೀತು? 2024ರಲ್ಲಿ ಬಾಕು ಎಂಬ ಊರಲ್ಲಿ ಸೇರಿ 2035ರ ಹೊತ್ತಿಗೆ ವರ್ಷಕ್ಕೆ 300 ಬಿಲಿಯನ್ ಡಾಲರ್ ಎಂದು ಹೊಸ ಮಾತು ಕೊಟ್ಟಿದ್ದಾರೆ. ಅದರಲ್ಲೂ ಸಾಲ ಎಷ್ಟು, ಅನುದಾನ ಎಷ್ಟು ಎಂದು ನಾವು ಕೇಳದೆ ಹೋದರೆ ಕೇಳುವವರು ಯಾರೂ ಇಲ್ಲ. ಮೇಲಿಂದ ಸಾಲವಾಗಿ ಹೊರಟ ನೀರು ಕೆಳಗೆ ನಮ್ಮ ಕಾಲುವೆಗೆ ಪುಕ್ಕಟೆಯಾಗಿ ಹರಿಯುವುದಿಲ್ಲ. ಬ್ಯಾಂಕಿಗೊಂದು ಬಡ್ಡಿ, ಕಂಪನಿಗೊಂದು ಲಾಭ, ಮಧ್ಯದವನಿಗೊಂದು ಪಾಲು ಸೇರಿಕೊಂಡೇ ನಮ್ಮ ಹೊಲಕ್ಕೆ ಬರುತ್ತದೆ.

ಕಂತಿನ ಲೆಕ್ಕ

ಬಡ ದೇಶದ ನವೋದ್ಯಮ ಎಂದರೆ ಎಲ್ಲರೂ ಬೆರಳು ತೋರಿಸುವುದು ಕೀನ್ಯಾ ದೇಶದ ಕಡೆಗೆ. ಅಲ್ಲಿ ‘ಎಂ-ಕೋಪಾ’ ಎಂಬ ಕಂಪನಿ 2012ರಿಂದ ಗುಡಿಸಲುಗಳಿಗೆ ಸೌರ ದೀಪ ಕೊಟ್ಟಿತು. ಸ್ವಲ್ಪ ಮುಂಗಡ, ಆಮೇಲೆ ಫೋನಿನ ಮೂಲಕ ದಿನಕ್ಕೆ 50 ಷಿಲಿಂಗಿನಂತೆ ಕಂತು. ಸೀಮೆಎಣ್ಣೆ ಹೊಗೆ ತಪ್ಪಿತು, ಮಕ್ಕಳು ಓದಿದರು. ಇದು ಸುಳ್ಳಲ್ಲ. ಆದರೆ ಕಂತು ನಿಂತ ದಿನ ದೀಪವೂ ನಿಲ್ಲುತ್ತದೆ. ಜಪ್ತಿಗೆ ಅಮೀನ ಬರುವುದು ಬೇಡ, ನೋಟಿಸು ಬೇಡ; ದೂರದಿಂದಲೇ ಬೀಗ! ಸಾಲ ವಸೂಲಿಗೆ ಇದಕ್ಕಿಂತ ಹರಿತವಾದ ಕತ್ತಿ ಯಾವ ಲೇವಾದೇವಿಯವನ ಹತ್ತಿರ ಇತ್ತು? ಮುಂದೆ ಅದೇ ಕಂತಿನ ದಾರಿಯಲ್ಲಿ ಆ ಕಂಪನಿ ಮೊಬೈಲ್ ಫೋನು ಮಾರುವುದಕ್ಕೂ ಹೊರಟಿತು. ಬರ್ಲಿನ್ನಿನಲ್ಲಿ ಹುಟ್ಟಿ ಪೂರ್ವ ಆಫ್ರಿಕಾದ ಮನೆಗಳಿಗೆ ಇದೇ ಥರ ಕಂತಿನಲ್ಲಿ ಸೌರ ಉಪಕರಣ ಮಾರುತ್ತಿದ್ದ ‘ಮೋಬಿಸಾಲ್’ 2019ರಲ್ಲಿ ದಿವಾಳಿ ಅರ್ಜಿ ಹಾಕಿತು. ಫ್ರಾನ್ಸಿನ ದೊಡ್ಡ ಕಂಪನಿ ಎಂಜಿ ಅದನ್ನು ಕೊಂಡುಕೊಂಡಿತು. ಕಂಪನಿಗೆ ಹೊಸ ಯಜಮಾನ ಸಿಗುತ್ತಾನೆ. ದಿವಾಳಿಯಾದ ರೈತನಿಗೆ?

ಈಗ ನಮ್ಮ ಲೆಕ್ಕಕ್ಕೆ ಬನ್ನಿ. ಯಂತ್ರಕ್ಕೆ ಒಂದು ಲಕ್ಷ ಸಾಲ. ‘ಬರೀ 12 ಪರ್ಸೆಂಟು ಫ್ಲ್ಯಾಟ್, ಮೂರು ವರ್ಷ’ ಅನ್ನುತ್ತಾರೆ. ಬಡ್ಡಿ 36,000. ಒಟ್ಟು 1,36,000ವನ್ನು 36 ತಿಂಗಳಿಗೆ ಹಂಚಿದರೆ ಕಂತು 3,778 ರೂಪಾಯಿ. ಆದರೆ ತಿಂಗಳು ತಿಂಗಳು ನೀವು ಅಸಲನ್ನೂ ಕಟ್ಟುತ್ತಿದ್ದೀರಿ, ಬಡ್ಡಿ ಮಾತ್ರ ಕೊನೆಯ ತಿಂಗಳ ತನಕ ಪೂರ್ತಿ ಲಕ್ಷದ ಮೇಲೇ ಓಡುತ್ತಿದೆ. ಸರಿಯಾಗಿ ಲೆಕ್ಕ ಹಾಕಿದರೆ ಅದು 12 ಅಲ್ಲ, 21ಕ್ಕೂ ಮೇಲೆ. ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ‘ಇಳಿಯುವ ಅಸಲಿನ ಮೇಲೆ ಬಡ್ಡಿ ಎಷ್ಟು?’ ಎಂಬ ಒಂದೇ ಪ್ರಶ್ನೆ ಕೇಳಿ. ಮೆತ್ತಗಿನ ಮಾತು ಅಲ್ಲೇ ತಡವರಿಸುತ್ತದೆ.

ರಾಗಿ ಮನೆಗೆ ಬರಲು ನಾಲ್ಕು ತಿಂಗಳು ಬೇಕು. ಕಂತು 30 ದಿನಕ್ಕೊಮ್ಮೆ ಬರುತ್ತದೆ. ಮಧ್ಯದ ಮೂರು ಕಂತನ್ನು ಎಲ್ಲಿಂದ ತರುವುದು? ಕೈಸಾಲ. ಹವಾಮಾನ ಉಳಿಸುವ ಯಂತ್ರಕ್ಕೆ ಮಾಡಿದ ಸಾಲ ತೀರಿಸಲು ಹೆಂಡತಿಯ ಓಲೆ ಅಡ ಹೋಗುತ್ತದೆ.

ಬೆಲೆ ಇಲ್ಲದೆ ಯಂತ್ರ ಏನು ಮಾಡೀತು?

ಹೈದರಾಬಾದಿನ ‘ಖೇತಿ’ ಎಂಬ ಸಂಸ್ಥೆ ಸಣ್ಣ ರೈತರಿಗೆಂದೇ ಸಣ್ಣ ಹಸಿರುಮನೆ ಮಾಡಿತು. 2022ರಲ್ಲಿ ಇಂಗ್ಲೆಂಡಿನ ಅರ್ಥ್‌ಶಾಟ್ ಪ್ರಶಸ್ತಿ ಬಂತು, 10 ಲಕ್ಷ ಪೌಂಡು. ಸಂತೋಷ. ಆದರೆ ಹಸಿರುಮನೆಯಲ್ಲಿ ಬೆಳೆದ ಕಾಯಿಪಲ್ಲೆಗೂ ದರ ಕಟ್ಟುವುದು ಅದೇ ಮಂಡಿಯಲ್ಲಿ, ಅದೇ ಹರಾಜಿನಲ್ಲಿ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕಿಲೋ ಟೊಮ್ಯಾಟೊ ಬಾಕ್ಸು ಎರಡು ಸಾವಿರ ದಾಟಿತು. ಎಲ್ಲರೂ ನಾಟಿ ಮಾಡಿದರು. ಕೆಲವೇ ವಾರಗಳಲ್ಲಿ ದರ ಮಣ್ಣು ಮುಕ್ಕಿತು. ದರ ಬಿದ್ದಾಗ ಕಂತು ಬೀಳುತ್ತದೆಯೇ? ಬೆಂಬಲ ಬೆಲೆ ಇಲ್ಲದ ಕಡೆ ಯಂತ್ರಕ್ಕೆ ಮಾತ್ರ ಬೆಂಬಲ ಕೊಟ್ಟರೆ, ಕೆಸರು ನಮ್ಮ ಕೈಗೆ, ಮೊಸರು ಅವರ ಬಾಯಿಗೆ.

ಸೋಲಾರ್ ಪಂಪಿನ ಕಥೆಯನ್ನೇ ನೋಡಿ. 2019ರಲ್ಲಿ ಕೇಂದ್ರದ ಕುಸುಮ್ ಯೋಜನೆ ಬಂತು. ಕೇಂದ್ರ 30, ರಾಜ್ಯ 30, ರೈತ 40 ಎಂದು ಲೆಕ್ಕ. ನಮ್ಮ ರಾಜ್ಯ ತನ್ನ ಪಾಲನ್ನು 50ಕ್ಕೆ ಏರಿಸಿ ರೈತನ ಪಾಲನ್ನು 20ಕ್ಕೆ ಇಳಿಸಿತು. ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು. ಆದರೆ ಕೇಂದ್ರದ ಸಹಾಯಧನದ ಲೆಕ್ಕ 7.5 ಎಚ್‌ಪಿಗೆ ನಿಂತಿತು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರುಗಳಿವೆ. ಅಷ್ಟು ಆಳದ ನೀರು ಅಷ್ಟು ಪಂಪಿಗೆ ಸಲೀಸಾಗಿ ಏರುತ್ತದೆಯೇ? ಯಂತ್ರ ಮಾಡುವವರು ಮೊದಲು ಬೋರಿನ ಆಳ ನೋಡಬೇಕಾಗಿತ್ತು. ಇನ್ನು ಕಂಟ್ರೋಲರ್ ಕೆಟ್ಟರೆ ತಾಲ್ಲೂಕಿನಲ್ಲಿ ರಿಪೇರಿ ಮಾಡುವವನಿಲ್ಲ. ಬೆಂಗಳೂರಿಗೆ ಫೋನು ಮಾಡಿದರೆ ‘ಕಂಪ್ಲೇಂಟ್ ರಿಜಿಸ್ಟರ್ ಆಗಿದೆ ಸಾರ್’. ದೂರು ದಾಖಲಾಗಿರುತ್ತದೆ, ಪೈರು ಒಣಗಿರುತ್ತದೆ.

ಸಹಕಾರಿ ಸಂಘ ಉದ್ಯಮವಲ್ಲವೇ?

ಉದ್ಯಮಿಯೂ ಗಂಡಾಂತರ ಮೈಮೇಲೆ ಹಾಕಿಕೊಳ್ಳುತ್ತಾನಲ್ಲ, ಅವನಿಗೆ ಬಂಡವಾಳ ಬೇಡವೇ ಎಂದು ಕೇಳುತ್ತಾರೆ. ಬೇಕು. 2016ರಲ್ಲಿ ಕೇಂದ್ರ ಸರ್ಕಾರ ‘ಸ್ಟಾರ್ಟ್‌ಅಪ್ ಇಂಡಿಯಾ’ ಎಂದು ಸಾರಿ 10,000 ಕೋಟಿ ನಿಧಿ ಇಟ್ಟಿತು; 2025ರ ಬಜೆಟ್ಟಿನಲ್ಲಿ ಇನ್ನೊಂದು 10,000 ಕೋಟಿ ಘೋಷಿಸಿತು. ಆದರೆ 2016ರ ನಿಯಮದಲ್ಲಿ ಸ್ಟಾರ್ಟ್‌ಅಪ್ ಎಂದರೆ ಪ್ರೈವೇಟ್ ಲಿಮಿಟೆಡ್ ಕಂಪನಿ, ಇಲ್ಲವೇ ನೋಂದಾಯಿತ ಪಾಲುದಾರಿಕೆ. ಹಾಲಿನ ಡೇರಿ ಕಟ್ಟಿದ ನಮ್ಮ ಸಹಕಾರಿ ಸಂಘಗಳಿಗೆ ಅಲ್ಲಿ ಹೆಸರಿರಲಿಲ್ಲ. ಲಿಮಿಟೆಡ್ ಕಂಪನಿ ಮುಳುಗಿದರೆ ಹಾಕಿದ ಷೇರು ಹೋಗುತ್ತದೆ, ಯಜಮಾನನ ಮನೆ ಉಳಿಯುತ್ತದೆ. ಅದಕ್ಕೆ ‘ಅನುಭವ’ ಅನ್ನುತ್ತಾರೆ. ರೈತ ಮುಳುಗಿದರೆ ಅಡವಿಟ್ಟ ಪಹಣಿಯೇ ಹೋಗುತ್ತದೆ; ಅದಕ್ಕೆ ‘ಬೇಜವಾಬ್ದಾರಿ’ ಅನ್ನುತ್ತಾರೆ. ಇಬ್ಬರಲ್ಲಿ ಗಂಡಾಂತರ ಹೊತ್ತವನು ಯಾರು, ನೀವೇ ಹೇಳಿ.

ಬೇರೆ ದಾರಿ ಇಲ್ಲವೇ? ಇದೆ. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಎಂಬ ಹಳ್ಳಿಯಲ್ಲಿ 2015-16ರಲ್ಲಿ ಮೊದಲು ಆರು ಜನ ರೈತರು ಸೇರಿ ಸೋಲಾರ್ ಪಂಪಿನ ಸಹಕಾರಿ ಸಂಘ ಕಟ್ಟಿದರು. ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆ ಬೆನ್ನಿಗೆ ನಿಂತಿತು, ಖರ್ಚಿನ ಬಹುಪಾಲು ಅದರದೇ. ಪಂಪುಗಳನ್ನೆಲ್ಲ ಲೈನಿಗೆ ಜೋಡಿಸಿದರು. ಬೆಳೆಗೆ ಬೇಕಾದಷ್ಟು ನೀರು, ಉಳಿದ ಕರೆಂಟು ವಿದ್ಯುತ್ ಕಂಪನಿಗೆ ಮಾರಾಟ. ಯೂನಿಟ್ಟಿಗೆ 4 ರೂಪಾಯಿ 63 ಪೈಸೆ, 25 ವರ್ಷದ ಕರಾರು. ಬಿಸಿಲೂ ಒಂದು ಬೆಳೆಯಾಯಿತು. ಅದಕ್ಕೆ ಹುಳ ಬೀಳುವುದಿಲ್ಲ, ದಲ್ಲಾಳಿ ಇಲ್ಲ, ದರ ಮೊದಲೇ ನಿಗದಿ. ಕರೆಂಟು ಮಾರಿದರೆ ದುಡ್ಡು ಬರುವಾಗ ಬೋರನ್ನು ಸುಮ್ಮನೆ ಬಸಿಯುವವರು ಯಾರು? ಹಣ ಅನುದಾನವಾಗಿ ಬಂತು, ಸಂಘ ರೈತರ ಕೈಲಿತ್ತು, ದರ ಕರಾರಿನಲ್ಲಿತ್ತು. ಮೂರೂ ಕೂಡಿದ್ದರಿಂದ ಅದು ನಡೆಯಿತು.

ನಮ್ಮ ಬೇಡಿಕೆ

1. ಹವಾಮಾನದ ಹೆಸರಲ್ಲಿ ಹೊರಗಿನಿಂದ ಬರುವ ಹಣ ಸಣ್ಣ ರೈತನಿಗೆ ಮುಟ್ಟುವಾಗ ಅನುದಾನವಾಗಿಯೇ ಮುಟ್ಟಬೇಕು.

2. ಹಾಲು ಉತ್ಪಾದಕರ ಸಂಘ, ಸೊಸೈಟಿ, ರೈತ ಉತ್ಪಾದಕ ಕಂಪನಿ, ಹೆಣ್ಣುಮಕ್ಕಳ ಸಂಘ ಇವಕ್ಕೂ ನವೋದ್ಯಮದ ನಿಧಿಯಲ್ಲಿ ಮೀಸಲು ಪಾಲು ಬೇಕು. ಶೀತಲ ಕೋಣೆಯ ಬೀಗದ ಕೈ ಬೆಳೆದವನ ಹತ್ತಿರ ಇರಬೇಕು.

3. ಕಂತು ಕೊಯ್ಲಿಗೆ ಹೊಂದಿಕೊಳ್ಳಬೇಕು. ಬರ ಘೋಷಣೆಯಾದ ತಾಲ್ಲೂಕಿನಲ್ಲಿ ಕಂತೂ ನಿಲ್ಲಬೇಕು, ಬಡ್ಡಿಯೂ ನಿಲ್ಲಬೇಕು. ಫ್ಲ್ಯಾಟ್ ಬಡ್ಡಿ ಕೂಡದು.

4. ಸರ್ಕಾರದ ಹಣ ತಿನ್ನುವ ಪ್ರತಿ ಕಂಪನಿ ತಾಲ್ಲೂಕಿಗೊಬ್ಬ ರಿಪೇರಿಯವನನ್ನು ಇಡಬೇಕು. ಕಂಪನಿ ಮುಚ್ಚಿದರೆ ಉಳಿದ ಕಂತು ಮನ್ನಾ ಆಗಬೇಕು.

5. ಇಂಗಾಲದ ಕರಾರು ಕನ್ನಡದಲ್ಲಿರಬೇಕು. ಟನ್ನಿಗೆ ಎಷ್ಟಕ್ಕೆ ಮಾರಿದಿರಿ, ನಮಗೆ ಎಷ್ಟು, ಎಷ್ಟು ವರ್ಷ ನಮ್ಮ ಹೊಲ ನಿಮಗೆ ಕಟ್ಟುಬಿದ್ದಿದೆ, ಈ ಮೂರು ಮೊದಲ ಪುಟದಲ್ಲೇ ಇರಬೇಕು.

ಬಾಂಧವರೇ, ಆ ಹುಡುಗರು ನಮ್ಮ ಶತ್ರುಗಳಲ್ಲ. ಅವರಲ್ಲಿ ಬಹಳ ಜನ ನಮ್ಮ ನಿಮ್ಮ ಮನೆಯ ಮಕ್ಕಳೇ. ಬಂದಾಗ ಚಾಪೆ ಹಾಸಿ, ನೀರು ಮಜ್ಜಿಗೆ ಕೊಡಿ. ಆದರೆ ಸಹಿ ಒಬ್ಬೊಬ್ಬರೇ ಹಾಕಬೇಡಿ. ‘ಗ್ರಾಮಸಭೆಗೆ ಬಾರಪ್ಪ, ಎಲ್ಲರ ಎದುರಿಗೆ ಲೆಕ್ಕ ಹೇಳು’ ಅನ್ನಿ. ಲೆಕ್ಕ ಸರಿಯಿದ್ದವನು ಬರುತ್ತಾನೆ, ಅವನ ಜೊತೆ ನಿಲ್ಲೋಣ. ಬಾರದವನ ಜೀಪನ್ನು ಊರಬಾಗಿಲಿನಿಂದಲೇ ವಾಪಸು ಕಳಿಸೋಣ. ಮುಂದಿನ ಗ್ರಾಮಸಭೆಗೆ ಈ ಐದು ಬೇಡಿಕೆಗಳನ್ನು ಬರೆದುಕೊಂಡು ಹೋಗಿ, ಠರಾವು ಮಾಡಿಸಿ, ಪ್ರತಿ ತಾಲ್ಲೂಕು ಕಚೇರಿಗೆ ಮುಟ್ಟಿಸಿ.