ಭಾನುವಾರದ ಲೆಕ್ಕ

ಮೇ ತಿಂಗಳ ಕೊನೆಯ ಭಾನುವಾರ ಭದ್ರಾವತಿಯ ನ್ಯೂಟೌನಿನಲ್ಲಿರುವ ನಮ್ಮ ಹಳೆಯ ಪರಿಚಯಸ್ಥರೊಬ್ಬರ ಮನೆಗೆ ಹೋಗಿದ್ದೆವು. ಮನೆಯ ಯಜಮಾನರು ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು ನಿವೃತ್ತರಾದವರು. ಮಗ ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. ಅಂದು ಮಾಡಬೇಕಾದ ಕೆಲಸಗಳ ಪಟ್ಟಿ ಬೆಳಗಿನ ಕಾಫಿಯ ಹೊತ್ತಿಗೇ ಸಿದ್ಧವಾಗಿತ್ತು. ಮೊದಲು ಬಲಿಪೂಜೆ. ಆಮೇಲೆ ಮಳೆ ಹಿಡಿಯುವುದರೊಳಗೆ ಹಿತ್ತಲನ್ನು ಹಸನುಗೊಳಿಸುವುದು. ಮಧ್ಯಾಹ್ನ ಶಿವಮೊಗ್ಗದ ಕೋಟೆ ಭಾಗದಲ್ಲಿರುವ ಬಂಧುಗಳ ಮನೆಯಲ್ಲಿ ಮಗುವಿನ ಜ್ಞಾನಸ್ನಾನದ ಊಟ. ರಾತ್ರಿ ಮಗನಿಗೆ ಬೆಂಗಳೂರಿನ ಬಸ್ಸು.

ಹಿತ್ತಲಿನ ಸ್ಥಿತಿ ನೋಡಿದರೆ ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು. ದಾಸವಾಳದ ಬೇಲಿ ಆಳೆತ್ತರ ಬೆಳೆದು ರಸ್ತೆಗೆ ಚಾಚಿತ್ತು. ಹಲಸಿನ ಎಲೆಗಳು ಹಂಚಿನ ಸಂದಿಗಳಲ್ಲಿ ಕೊಳೆತು ಕುಳಿತಿದ್ದವು. ಮೋರಿಯಲ್ಲಿ ಮಣ್ಣು ತುಂಬಿತ್ತು. ಮಲೆನಾಡಿನ ಅಂಚಿನಲ್ಲಿ ವಾಸಿಸುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ; ಜೂನ್ ಮೊದಲ ಮಳೆಗೆ ಮೋರಿ ಕಟ್ಟಿಕೊಂಡರೆ ನೀರು ಅಡುಗೆಮನೆಗೇ ಬರುತ್ತದೆ.

“ಮೂರು ತಿಂಗಳಿಂದ ಹೇಳುತ್ತಿದ್ದೇನೆ. ಇವನಿಗೆ ಬಿಡುವಿಲ್ಲ. ಭಾನುವಾರ ಬಂದರೆ ಗಾಲ್ಫ್,” ಎಂದರು ಯಜಮಾನರು ನಮ್ಮ ಕಡೆ ತಿರುಗಿ.

ಮಗ ನಗುತ್ತಲೇ ತನ್ನ ಕಷ್ಟ ಹೇಳಿಕೊಂಡ. ಅವನ ಮೇಲಧಿಕಾರಿಗಳು ಭಾನುವಾರ ಬೆಳಗಾಗುವುದರೊಳಗೆ ಗಾಲ್ಫ್ ಮೈದಾನದಲ್ಲಿರುತ್ತಾರಂತೆ. ಸಂಸ್ಥೆಯ ದೊಡ್ಡ ಗಿರಾಕಿಗಳೂ ಅಲ್ಲಿಗೇ ಬರುತ್ತಾರಂತೆ. ಹದಿನೆಂಟು ಕುಳಿಗಳ ಪೂರ್ಣ ಆಟಕ್ಕೆ ನಾಲ್ಕರಿಂದ ಐದು ಗಂಟೆ ಹಿಡಿಯುತ್ತದೆ. ನಂತರ ಕ್ಲಬ್ಬಿನಲ್ಲಿ ಉಪಾಹಾರ, ಮಾತುಕತೆ. ಮನೆ ಸೇರುವಾಗ ಮಧ್ಯಾಹ್ನ ಎರಡಾಗಿರುತ್ತದೆ. “ಆಟಕ್ಕೆ ಸೇರದವನನ್ನು ಮಾತಿಗೂ ಸೇರಿಸಿಕೊಳ್ಳುವುದಿಲ್ಲ ಅಪ್ಪ,” ಎಂದ. ಬಲಿಪೂಜೆಯ ವಿಷಯ ನಾವು ಕೇಳಲಿಲ್ಲ. ತಾಯಿ ಕೇಳಿದರು. ಶನಿವಾರ ಸಂಜೆಯ ಪೂಜೆಗೆ ಹೋಗುತ್ತೇನೆ, ಆದರೆ ಪ್ರತಿ ವಾರ ಆಗುವುದಿಲ್ಲ ಎಂದು ಪ್ರಾಮಾಣಿಕವಾಗಿಯೇ ಒಪ್ಪಿಕೊಂಡ.

ಯಜಮಾನರಿಗೆ ಸಿಟ್ಟು ಬಂತು. ನಮ್ಮ ಕಾಲದಲ್ಲಿ ಭಾನುವಾರವೆಂದರೆ ದೇವರಿಗೆ ಮತ್ತು ಮನೆಗೆ ಮೀಸಲು ಎಂದರು. ಆಗ ಮಗ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: “ಅಪ್ಪ, ನಾನು ಶಾಲೆಗೆ ಹೋಗುತ್ತಿದ್ದಾಗ ನೀವು ಎಷ್ಟು ಭಾನುವಾರ ಮನೆಯಲ್ಲಿದ್ದಿರಿ?”

ಯಜಮಾನರು ಉತ್ತರ ಕೊಡಲಿಲ್ಲ. ಗುದ್ದಲಿ ಹಿಡಿದು ಮೋರಿಯ ಕಡೆಗೆ ಹೋದರು.

ಆ ಪ್ರಶ್ನೆಯಲ್ಲಿ ನ್ಯಾಯವಿದೆ, ಅನ್ಯಾಯವೂ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಈ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು. ಊದುಕುಲುಮೆಗೆ ವಾರದ ರಜೆಯೆಂಬುದಿಲ್ಲ. ಅದನ್ನು ಶನಿವಾರ ರಾತ್ರಿ ಆರಿಸಿ ಸೋಮವಾರ ಬೆಳಿಗ್ಗೆ ಹೊತ್ತಿಸಲು ಬಾರದು. ಹಾಗಾಗಿ ಕಾರ್ಮಿಕರು ಪಾಳಿಯ ಮೇಲೆ ದುಡಿಯಬೇಕಾಯಿತು. 1948ರ ಕಾರ್ಖಾನೆಗಳ ಕಾಯ್ದೆಯು ವಾರದ ಮೊದಲ ದಿನ ರಜೆ ಎಂದು ಹೇಳಿತ್ತು. ಆದರೆ ಅಂದು ದುಡಿಸಿಕೊಳ್ಳಬೇಕಾದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಬದಲಿ ರಜೆ ಕೊಡಬಹುದೆಂದೂ ಹೇಳಿತ್ತು. ಈ ಬದಲಿ ರಜೆಯೇ ಭದ್ರಾವತಿಯ ಎಷ್ಟೋ ಕುಟುಂಬಗಳ ಭಾನುವಾರವಾಯಿತು. ತಂದೆಗೆ ಬುಧವಾರ ಬಿಡುವು, ಮಕ್ಕಳಿಗೆ ಬುಧವಾರ ಶಾಲೆ. ಭಾನುವಾರ ಮಕ್ಕಳು ತಾಯಿಯ ಕೈಹಿಡಿದು ದೇವಾಲಯಕ್ಕೆ ಹೋಗುವಾಗ ತಂದೆ ರಾತ್ರಿಪಾಳಿ ಮುಗಿಸಿ ಸೈಕಲ್ಲಿನಲ್ಲಿ ಎದುರಿಗೆ ಬರುತ್ತಿದ್ದರು. ಕರಾವಳಿಯಿಂದ ಬಂದ ಕೊಂಕಣಿಗರು, ತಮಿಳುನಾಡಿನಿಂದ ಬಂದವರು, ಮಲೆಯಾಳ ಮಾತನಾಡುವವರು ಎಂಬ ಭೇದವಿಲ್ಲದೆ ಎಲ್ಲರ ಮನೆಯಲ್ಲಿಯೂ ಇದೇ ಕಥೆ.

ಮಗನ ಪ್ರಶ್ನೆಯಲ್ಲಿ ಅನ್ಯಾಯವಿರುವುದು ಇಲ್ಲಿಯೇ. ತಂದೆ ಭಾನುವಾರವನ್ನು ಕಳೆದುಕೊಂಡದ್ದು ಮನೆಯ ಅನ್ನಕ್ಕಾಗಿ. ಪಾಳಿಯ ಪಟ್ಟಿಯಲ್ಲಿ ಅವರ ಹೆಸರನ್ನು ಬರೆಯುತ್ತಿದ್ದವರು ಬೇರೆಯವರು. ಆದರೆ ಮಗನೂ ಇದೇ ಮಾತನ್ನು ಹೇಳುತ್ತಿದ್ದಾನಲ್ಲ! ಅವನ ಪಾಳಿಯ ಪಟ್ಟಿ ಗೋಡೆಯ ಮೇಲಿಲ್ಲ, ಮೇಲಧಿಕಾರಿಯ ಮುಖದ ಮೇಲಿದೆ. ಅಷ್ಟೇ ವ್ಯತ್ಯಾಸ. ತಂದೆಯ ದುಡಿಮೆಗೆ ಕನಿಷ್ಠಪಕ್ಷ ದುಡಿಮೆ ಎಂಬ ಹೆಸರಿತ್ತು, ಬದಲಿ ರಜೆಯೂ ಇತ್ತು. ಮಗನ ದುಡಿಮೆಯನ್ನು ಆಟ ಎಂದು ಕರೆಯುತ್ತಾರೆ. ಆದ್ದರಿಂದ ಅದಕ್ಕೆ ಬದಲಿ ರಜೆಯೂ ಇಲ್ಲ.

ಗಾಲ್ಫ್ ಆಟದ ಮೇಲೆ ನಮಗೇನೂ ದ್ವೇಷವಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದೆಯೇ ಸ್ಥಾಪನೆಯಾದದ್ದು. ನಮ್ಮ ರಾಜ್ಯಕ್ಕೆ ಈ ಆಟ ಹೊಸತಲ್ಲ. ಜಿ. ಆರ್. ವಿಶ್ವನಾಥರು ಹುಟ್ಟಿದ ಭದ್ರಾವತಿಯಲ್ಲಿ ಕುಳಿತು ಆಟವನ್ನು ಹಳಿಯುವ ಧೈರ್ಯವಂತೂ ನಮಗಿಲ್ಲ. ಆದರೆ ಒಂದು ಸಂಗತಿಯನ್ನು ಆ ಹುಡುಗನಿಗೆ ಹೇಳಿದೆವು. ಗಾಲ್ಫಿನ ತವರೆಂದು ಹೆಸರಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದ ಹಳೆಯ ಮೈದಾನದಲ್ಲಿ, ದೊಡ್ಡ ಪಂದ್ಯಾವಳಿಗಳಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ, ಭಾನುವಾರ ಆಟವಿಲ್ಲ. ಅಂದು ಆ ಹುಲ್ಲುಹಾಸು ಊರ ಜನರದ್ದು. ಮಕ್ಕಳನ್ನು ಕರೆದುಕೊಂಡು, ನಾಯಿಗಳನ್ನು ಹಿಡಿದುಕೊಂಡು ಕುಟುಂಬಗಳು ಅಲ್ಲಿ ಅಡ್ಡಾಡುತ್ತವೆ. ಆಟಗಾರರಿಗೆ ಬೇಡವಾದರೂ ಮೈದಾನಕ್ಕೆ ವಿಶ್ರಾಂತಿ ಬೇಕೆಂದು ಅಲ್ಲಿಯವರು ತಿಳಿದಂತಿದೆ. ಹುಡುಗನಿಗೆ ಇದು ಗೊತ್ತಿರಲಿಲ್ಲ. ಮೇಲಧಿಕಾರಿಗೆ ಹೇಳುತ್ತೇನೆ ಎಂದು ನಕ್ಕ. ಹೇಳುತ್ತಾನೆಂಬ ನಂಬಿಕೆ ನಮಗಿಲ್ಲ.

ನಮ್ಮ ದೇಶದ ಕಾರ್ಮಿಕನಿಗೆ ವಾರದ ರಜೆ ದೊರೆತದ್ದು ಯಾರ ಹೋರಾಟದಿಂದ ಎಂಬುದನ್ನೂ ಕ್ರೈಸ್ತರಾದ ನಾವು ಮರೆತಿದ್ದೇವೆ. ಮಹಾತ್ಮ ಜೋತಿರಾವ್ ಫುಲೆಯವರ ಅನುಯಾಯಿಯಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಿಂದ ಮುಂಬಯಿಯ ಗಿರಣಿ ಕಾರ್ಮಿಕರನ್ನು ಸಂಘಟಿಸಿ ಈ ಬೇಡಿಕೆ ಮುಂದಿಟ್ಟರು; 1890ರಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಆ ಕಾರ್ಮಿಕರಿಗೆ ಭಾನುವಾರ ಖಂಡೋಬನ ದಿನ. ಮರುವರ್ಷವೇ, 1891ರಲ್ಲಿ, ಪೋಪ್ ಹದಿಮೂರನೆಯ ಲಿಯೋ ಅವರು ಕಾರ್ಮಿಕರ ಸ್ಥಿತಿಗತಿಯ ಕುರಿತಾದ ತಮ್ಮ ವಿಶ್ವಪತ್ರದಲ್ಲಿ ದುಡಿಯುವವನಿಗೆ ಭಾನುವಾರದ ಬಿಡುವು ಸಲ್ಲಬೇಕೆಂದು ಹೇಳಿದರು. ಒಬ್ಬರನ್ನೊಬ್ಬರು ಅರಿಯದ ಇಬ್ಬರು ಒಂದೇ ದಿನಕ್ಕಾಗಿ ವಾದಿಸಿದ್ದರು.

ಇನ್ನು ಹಿತ್ತಲಿನ ಕೆಲಸದ ವಿಷಯ. ಭಾನುವಾರ ಕತ್ತಿ ಹಿಡಿಯುವುದು ಪಾಪವೇ ಎಂದು ಆ ಮನೆಯ ಅಜ್ಜಿ ಇಂದಿಗೂ ಕೇಳುತ್ತಾರೆ. ಅವರ ಬಾಲ್ಯದಲ್ಲಿ ಮೈಬಗ್ಗಿಸಿ ಮಾಡುವ ದುಡಿಮೆಯನ್ನು ಧರ್ಮಸಭೆಯು ಭಾನುವಾರ ನಿಷೇಧಿಸಿತ್ತು. ಕಟ್ಟಿಗೆ ಒಡೆಯುವುದಕ್ಕೂ ಬಟ್ಟೆ ಹೊಲಿಯುವುದಕ್ಕೂ ಜನ ಹೆದರುತ್ತಿದ್ದರು. 1983ರ ಧರ್ಮಸಭಾ ಸಂಹಿತೆಯಲ್ಲಿ ಮಾತು ಬದಲಾಗಿದೆ. ದೇವರ ಆರಾಧನೆಗೆ, ಆ ದಿನದ ಸಂತೋಷಕ್ಕೆ, ಮನಸ್ಸು ಮತ್ತು ದೇಹದ ವಿಶ್ರಾಂತಿಗೆ ಅಡ್ಡಿಯಾಗುವ ಕೆಲಸಗಳನ್ನು ಬಿಡಬೇಕು ಎಂಬುದು ಅದರ ತಾತ್ಪರ್ಯ. ಕೆಲಸದ ಹೆಸರಿಗಿಂತ ಅದರ ಪರಿಣಾಮ ಮುಖ್ಯ. ವಾರವೆಲ್ಲ ಕಂಪ್ಯೂಟರಿನ ಮುಂದೆ ಕುಳಿತವನಿಗೆ ಎರಡು ಗಂಟೆ ಗುದ್ದಲಿ ಹಿಡಿಯುವುದು ವಿಶ್ರಾಂತಿಯೇ ಆಗಬಹುದು. ವಾರವೆಲ್ಲ ತೋಟದಲ್ಲಿ ಅಗೆದವನಿಗೆ ಅದೇ ಗುದ್ದಲಿ ಶಿಕ್ಷೆ. ಅಷ್ಟೇಕೆ, 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನು ಪಟ್ಟಣಗಳಲ್ಲಿ ಭಾನುವಾರದ ರಜೆಯನ್ನು ಆಜ್ಞಾಪಿಸಿದಾಗ ರೈತರಿಗೆ ವಿನಾಯಿತಿ ಕೊಟ್ಟಿದ್ದನು, ಬಿತ್ತನೆಯ ಹದ ತಪ್ಪಿದರೆ ಮತ್ತೆ ಬಾರದೆಂದು. ಮೃಗಶಿರಾ ಮಳೆಗೆ ಕಾಯುವ ನಮ್ಮ ರೈತರಿಗೆ ಈ ವಿವೇಕ ಹೊಸದಲ್ಲ. ಅಜ್ಜಿಗೆ ಇದನ್ನೆಲ್ಲ ಹೇಳಿದೆವು. “ಹಾಗಾದರೆ ಪೂಜೆ ಆದ ಮೇಲೆ ಕತ್ತರಿಸಲಿ, ಮೊದಲು ಬೇಡ,” ಎಂದು ತೀರ್ಪು ಕೊಟ್ಟರು.

ಈ ಮಾತುಕತೆಯಲ್ಲೆಲ್ಲ ಮನೆಯೊಡತಿಯ ದನಿ ಕೇಳಿರಲಿಲ್ಲ. ಅವರು ಒಳಗೆ ಇಡ್ಲಿ ಬೇಯಿಸಿ, ಎಲ್ಲರಿಗೂ ಬಡಿಸಿ, ಜ್ಞಾನಸ್ನಾನದ ಮನೆಗೆ ಒಯ್ಯಲು ಪಾಯಸ ಮಾಡಿ, ಮಗನ ಬಟ್ಟೆ ಒಗೆದು ಹರವಿ, ರಾತ್ರಿಯ ಬಸ್ಸಿಗೆ ಚಪಾತಿಯ ಹಿಟ್ಟು ಕಲಸುತ್ತಿದ್ದರು. ಲೋಟ ಇಡಲು ಅಡುಗೆಮನೆಗೆ ಹೋದಾಗ ನಮ್ಮನ್ನು ತಡೆದು ಹೇಳಿದರು: “ಅಪ್ಪ ಮಗನ ಭಾನುವಾರದ ಜಗಳವನ್ನು ಬರೆಯುತ್ತೀರಿ, ಗೊತ್ತು. ನನ್ನ ಭಾನುವಾರ ಯಾವತ್ತು ಎಂದೂ ಬರೆಯಿರಿ.”

ಬರೆಯುತ್ತಿದ್ದೇವೆ. ಗಂಡನಿಗೆ ಬದಲಿ ರಜೆಯಾದರೂ ಇತ್ತು. ಅದು ಬುಧವಾರ ಬಂದರೆ ಆಕೆಗೆ ಬುಧವಾರವೂ ವಿಶೇಷ ಅಡುಗೆ, ಭಾನುವಾರವೂ ವಿಶೇಷ ಅಡುಗೆ. ಕಥೋಲಿಕ ಮನೆಗಳಲ್ಲಿ ಭಾನುವಾರದ ಮಾಂಸದೂಟವೆಂಬುದು ಎಷ್ಟು ಸಂಭ್ರಮದ್ದೋ ಅಷ್ಟೇ ಮಸಾಲೆ ಅರೆಯುವ ಕೆಲಸದ್ದು. ನಾವು ಗಂಡಸರು ವಿಶ್ರಾಂತಿಯ ಬಗ್ಗೆ ಇಷ್ಟುದ್ದ ಚರ್ಚಿಸಲು ಸಾಧ್ಯವಾದದ್ದೇ ಒಳಗೆ ಒಬ್ಬರು ವಿಶ್ರಾಂತಿಯಿಲ್ಲದೆ ನಿಂತಿದ್ದರಿಂದ. ಗಾಲ್ಫ್ ಆಡುವ ಮಗನನ್ನು ಆಕ್ಷೇಪಿಸುವ ಮೊದಲು, ಅವನ ತಟ್ಟೆಯನ್ನು ಅವನೇ ತೊಳೆಯುತ್ತಾನೆಯೇ ಎಂದು ವಿಚಾರಿಸುವುದು ಮೇಲು. ತಂದೆಗೂ ಇದೇ ಪ್ರಶ್ನೆ. ನಮಗೂ.

ಧರ್ಮಕೇಂದ್ರಗಳಿಗೂ ಒಂದು ಮಾತು ಹೇಳಲೇಬೇಕು. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ ರಚನೆಯಾದಂದಿನಿಂದ ನಮ್ಮ ಸಂಘಸಂಸ್ಥೆಗಳು ಬೆಳೆದಿವೆ, ಸಂತೋಷ. ಆದರೆ ಬಲಿಪೂಜೆಯ ನಂತರ ಧರ್ಮೋಪದೇಶ, ಅದಾದ ಮೇಲೆ ಗಾನವೃಂದದ ಅಭ್ಯಾಸ, ಪಾಲನಾ ಸಮಿತಿಯ ಸಭೆ, ಯುವಜನರ ಸಭೆ, ಸಂಜೆ ಕಿರು ಕ್ರೈಸ್ತ ಸಮುದಾಯದ ಪ್ರಾರ್ಥನೆ ಎಂದು ಎಲ್ಲವನ್ನೂ ಒಂದೇ ದಿನಕ್ಕೆ ತುಂಬಿದರೆ, ಕುಟುಂಬ ಒಟ್ಟಿಗಿರಬೇಕೆಂದು ಪ್ರಸಂಗದಲ್ಲಿ ಹೇಳಿದ್ದನ್ನು ಪಾಲಿಸಲು ಸಮಯವೆಲ್ಲಿ? ತಿಂಗಳಿಗೆ ಒಂದು ಭಾನುವಾರ ಪೂಜೆಯ ನಂತರ ಯಾವ ಸಭೆಯನ್ನೂ ಕರೆಯದೆ ದೇವಾಲಯದ ಗೇಟು ಹಾಕಿ ಎಲ್ಲರನ್ನೂ ಮನೆಗೆ ಕಳುಹಿಸಬೇಕೆಂಬುದು ನಮ್ಮ ಸಲಹೆ. ಗುರುಗಳಿಗೂ ಅಂದು ಸ್ವಲ್ಪ ಬಿಡುವಾದೀತು. ವಾರದಲ್ಲಿ ಅವರಿಗೆ ಅತಿ ಹೆಚ್ಚು ದುಡಿಮೆಯ ದಿನ ಭಾನುವಾರವೇ ಅಲ್ಲವೇ?

ಭದ್ರಾವತಿಯ ಮಟ್ಟಿಗೆ ಈ ವಿಷಯಕ್ಕೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಡಲಾಗದು. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಕೆಲವು ಕೆಲಸ ಮತ್ತೆ ಆರಂಭವಾಯಿತು. ಈ ನಡುವೆ ಎಷ್ಟೋ ಮನೆಗಳಲ್ಲಿ ವಾರದ ಏಳೂ ದಿನ ರಜೆಯಾಗಿಹೋಯಿತು. ಅಂಥ ಮನೆಯ ಗಂಡಸೊಬ್ಬರು ನಮ್ಮೊಡನೆ ಹೇಳಿದ್ದರು, ಕೆಲಸ ಹೋದ ಮೇಲೆ ಅವರಿಗೆ ಅತಿ ಕಷ್ಟದ ದಿನ ಭಾನುವಾರವಂತೆ. ದೇವಾಲಯದ ಅಂಗಳದಲ್ಲಿ ಎಲ್ಲರೂ “ಈಗ ಏನು ಮಾಡುತ್ತಿದ್ದೀರಿ?” ಎಂದು ಕೇಳುತ್ತಾರೆ. ಅದಕ್ಕಾಗಿಯೇ ಹಿಂದಿನ ಬೆಂಚಿನಲ್ಲಿ ಕುಳಿತು, ಪರಮಪ್ರಸಾದ ಸ್ವೀಕರಿಸಿದೊಡನೆ ಎದ್ದು ಬಂದುಬಿಡುತ್ತಿದ್ದರು. ದುಡಿಮೆಯಿಲ್ಲದವನಿಗೆ ವಿಶ್ರಾಂತಿಯನ್ನು ಯಾವ ಬಾಯಿಂದ ಬೋಧಿಸುವುದು? ಅವರೊಡನೆ ಉಪದೇಶದ ಮಾತು ಆಡದೆ ಮನೆಗೆ ಊಟಕ್ಕೆ ಕರೆಯುವುದು ಒಳಿತು.

ಅಂದು ಆ ಮನೆಯಲ್ಲಿ ಏನಾಯಿತೆಂದು ಓದುಗರು ಕೇಳಬಹುದು. ಜ್ಞಾನಸ್ನಾನದ ಊಟಕ್ಕೆ ಎಲ್ಲರೂ ತಡವಾಗಿ ಹೋದೆವು. ಶಿವಮೊಗ್ಗ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ದೂರವಾದರೂ, ಮೋರಿಯ ಮಣ್ಣು ಮೈಗೆ ಮೆತ್ತಿದ್ದ ತಂದೆ ಮಕ್ಕಳಿಬ್ಬರಿಗೂ ಎರಡನೆಯ ಸ್ನಾನ ಆಗಬೇಕಿತ್ತು. ಬಂಧುಗಳು ಬೇಸರಿಸಿಕೊಂಡರು, ಆಮೇಲೆ ಪಾಯಸ ಹೊಗಳಿದರು. ಸಂಜೆ ಮರಳಿ ಬಂದ ಮೇಲೆ ಚಪಾತಿ ಬೇಯಿಸಲು ಮಗನೇ ನಿಂತ. ಆಕಾರವೇನೂ ಚೆನ್ನಾಗಿರಲಿಲ್ಲ. ತಾಯಿ ಮುಂಬಾಗಿಲ ಮೆಟ್ಟಿಲ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದು, ಕೈಗೆ ಕೆಲಸವಿಲ್ಲದೆ ಎರಡು ಬಾರಿ ಒಳಗಿಣುಕಿ ನೋಡಿ, ಕೊನೆಗೆ ಜಪಸರ ತೆಗೆದುಕೊಂಡರು.

ಬೇಲಿ ಅರ್ಧ ಮಾತ್ರ ಕತ್ತರಿಸಲಾಗಿತ್ತು. ಉಳಿದರ್ಧಕ್ಕೆ ಜೂನ್ ಎರಡನೆಯ ಭಾನುವಾರ ಬರುತ್ತೇನೆಂದು ಮಗ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ. ಅಷ್ಟರಲ್ಲಿ ಮಳೆ ಹಿಡಿದಿರುತ್ತದೆ, ಕೊಡೆ ಹಿಡಿಯಲು ಒಬ್ಬರು ಬೇಕಾಗುತ್ತದೆ ಎಂದರು ಯಜಮಾನರು.