ಉಚಿತ ಅಂದ್ರೆ ಎಲ್ಲರಿಗೂ ಸಿಕ್ತು ಅಂತಲ್ಲ



2025ರ ಆಗಸ್ಟ್ 9ಕ್ಕೆ ಡೆಬಿಯನ್ 13, ಅಂದ್ರೆ 'ಟ್ರಿಕ್ಸಿ', ಬಿಡುಗಡೆಯಾಯ್ತು. ಯಾರ ಅಪ್ಪಣೆಯೂ ಬೇಡದೆ ಇಳಿಸಿಕೊಂಡು, ತಿದ್ದಿ, ಹಂಚಬಹುದಾದ ಆಪರೇಟಿಂಗ್ ಸಿಸ್ಟಮ್ ಇದು. 1993ರಿಂದ ಸ್ವಯಂಸೇವಕರು ಕಟ್ಟಿಕೊಂಡು ಬಂದದ್ದು. ಬೇಲಿಯಿಲ್ಲದ ಬಾವಿ ಅಂತ ನಾನೇ ಎಷ್ಟೋ ಸಲ ಹೊಗಳಿದ್ದೇನೆ.

ಆದರೆ ಈ ಸಲ ನಮ್ಮ ಕೇರಿ ಓದುಕೋಣೆಯ ಎರಡು ಕಂಪ್ಯೂಟರುಗಳು ಹೊರಗುಳಿದವು. ಹಳೇ 32-ಬಿಟ್ ಮಷೀನುಗಳು. ಡೆಬಿಯನ್ 13ರಲ್ಲಿ ಅವಕ್ಕೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಸದ್ಯ ಡೆಬಿಯನ್ 12ರಲ್ಲೇ ಓಡ್ತಿವೆ, ಆದರೆ ಅದಕ್ಕೂ ಒಂದು ಕೊನೆ ಇದೆ. ನೆಟ್‌ಬಿಎಸ್‌ಡಿ ಅನ್ನೋ ಇನ್ನೊಂದು ಮುಕ್ತ ಸಿಸ್ಟಮ್ 32-ಬಿಟ್ ಅನ್ನು ಇನ್ನೂ ಕೈಬಿಟ್ಟಿಲ್ಲ, ಅದನ್ನೂ ಹಾಕಿ ನೋಡ್ತೀನಿ.

ಡೆಬಿಯನ್‌ನವರನ್ನ ಬೈಯಲ್ಲ. ಬಿಡುವಿನಲ್ಲಿ ದುಡಿಯೋರು ಹಳೇ ಯಂತ್ರಗಳನ್ನ ಎಷ್ಟು ವರ್ಷ ಹೊರಬೇಕು? ನನ್ನ ಪ್ರಶ್ನೆ ಬೇರೆ. ಇವು ನಮಗೆ ಬಂದದ್ದು ಹೇಗೆ? ಒಂದು ಆಫೀಸು ಗುಜರಿಗೆ ಹಾಕೋ ಬದಲು ನಮಗೆ 'ದಾನ' ಮಾಡಿ ಫೋಟೋ ತೆಗೆಸಿಕೊಂಡಿತು. ಉಟ್ಟು ಬಿಟ್ಟ ಬಟ್ಟೆ, ಉಂಡು ಮಿಕ್ಕ ಅನ್ನ, ಈಗ ಬೇಡಾದ ಕಂಪ್ಯೂಟರು. ಕೈಮುಗಿದು ಇಸ್ಕೊಂಡವನು ನಾನೇ. ಆ ಫೋಟೋದಲ್ಲಿ ನಗ್ತಾ ನಿಂತಿದೀನಿ.

ಸಾಫ್ಟ್‌ವೇರು ಉಚಿತ, ಸರಿ. ಅದು ಓಡೋ ಯಂತ್ರ? ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂದಿದ್ದು 2013ರಲ್ಲಿ. ಆ ಹಣ ನಮ್ಮ ಪಾಲು, ಭಿಕ್ಷೆಯಲ್ಲ. ನಿಮ್ಮೂರ ಹಾಸ್ಟೆಲು, ಓದುಕೋಣೆಗಳ ಕಂಪ್ಯೂಟರು ಎಷ್ಟು ಹಳೇದು, ಎಷ್ಟು ಬಿಟ್ಟಿನದು ನೋಡಿ ಪಟ್ಟಿ ಕಳಿಸಿ. ಹೊಸದಕ್ಕೇ ಅರ್ಜಿ ಹಾಕೋಣ. ಅರ್ಜಿ ಬರೆಯೋದು ಈ ಗುಮಾಸ್ತನ ಹೊಟ್ಟೆಪಾಡು, ಆ ಕೆಲಸ ನನಗೆ ಬಿಡಿ.