ಲೋಕಾಯುಕ್ತಕ್ಕೆ ಪೂರ್ಣಬಲ ಬೇಕು

ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಂತಹ ಗ್ರಾಮಗಳ ರೈತರು ತೆರುವ ಹಣದಿಂದಲೇ ಪೋಷಿತವಾದ ಆಡಳಿತದಲ್ಲಿ, ಲೇಖನಿಯ ಗೀರೊಂದರಿಂದ ನಡೆಯುವ ಚೌರ್ಯವು ಕನ್ನಗಳ್ಳನ ಕೃತ್ಯಕ್ಕಿಂತಲೂ ಘೋರವಾದುದು. ಏಕೆಂದರೆ ಅದು ಧನದೊಡನೆ ಪ್ರಜೆಯ ವಿಶ್ವಾಸವನ್ನೂ ಅಪಹರಿಸುತ್ತದೆ.

ಇಂತಹ ಚೌರ್ಯವನ್ನು ತಡೆಯಲೆಂದೇ 1984ರ ಕಾಯಿದೆಯಿಂದ ಜನ್ಮತಳೆದ ಕರ್ನಾಟಕ ಲೋಕಾಯುಕ್ತವು 2011ರಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಗಣಿ ವರದಿಯ ಮೂಲಕ ಮುಖ್ಯಮಂತ್ರಿಯ ಪೀಠವನ್ನೇ ಅಲುಗಿಸಿದ್ದರೂ, 2016ರಲ್ಲಿ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ ಲೋಕಾಯುಕ್ತದ ತನಿಖಾಧಿಕಾರವನ್ನು ಕುಂಠಿತಗೊಳಿಸಿತು. 2022ರ ಆಗಸ್ಟ್ 11ರಂದು ಉಚ್ಚ ನ್ಯಾಯಾಲಯವು ಆ ದಳವನ್ನು ರದ್ದುಗೊಳಿಸಿ ಅಧಿಕಾರವನ್ನು ಮರಳಿಸಿತು.

ಆದರೆ ತನಿಖೆ ಮುಗಿದರೂ ವಿಚಾರಣೆಗೆ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಬೇಕೆಂಬ ನಿಬಂಧನೆಯು ಅಪರಾಧಿಗೆ ಆಶ್ರಯವಾಗಬಾರದು. ಭ್ರಷ್ಟಾಚಾರ ತಡೆ ಕಾಯಿದೆಯಲ್ಲಿ ಹೇಳಿದ ಮೂರು ತಿಂಗಳ ಅವಧಿ ಮೀರಿದ ಮೌನವನ್ನು ಸಮ್ಮತಿಯೆಂದೇ ಪರಿಗಣಿಸತಕ್ಕದ್ದು. ಇದರೊಡನೆ ಗ್ರಾಮಸಭೆಯಲ್ಲಿ ಪ್ರತಿಯೊಂದು ಕಾಮಗಾರಿಯ ಲೆಕ್ಕವನ್ನು ಪ್ರಜೆಗಳು ನಿರ್ಭೀತರಾಗಿ ಕೇಳತಕ್ಕದ್ದು.